ಗೊರವಂಕದ ಬಾಲ

ಕಡಲಾಚೆಯ ಮನ್ರೋ ಊರಿನ ಆ ಬೀದಿಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಗರಾಜ್ ಬಾಗಿಲು ಎತ್ತಿದರೆ ಒಳಗೆ ಕಾಣುವುದೂ ಒಂದೇ: ಹುಲ್ಲು ಕತ್ತರಿಸುವ ಮೆಷೀನು, ಹಿಮ ಬಾಚುವ ಸಲಿಕೆ, ಮಕ್ಕಳು ಬಿಟ್ಟುಹೋದ ಸೈಕಲ್ಲು. ಮಜೀದ್ ಸಾಹೇಬರ ಗರಾಜಿನ ಬಾಗಿಲು ಎತ್ತಿದರೆ ಮಾತ್ರ ಒಳಗೆ ಮೈಸೂರಿನ ಮಂಡಿ ಮೊಹಲ್ಲಾ ಇರುತ್ತಿತ್ತು. ನಿಮಗೆ ಕಾಣದಿದ್ದರೆ ಅದು ನಿಮ್ಮ ಕಣ್ಣಿನ ದೋಷ. ಸಾಹೇಬರಿಗೆ ಕಾಣುತ್ತಿತ್ತು.

ಶನಿವಾರ ಬೆಳಿಗ್ಗೆ ಚಹಾದ ಲೋಟವನ್ನು ಕೆಲಸದ ಮೇಜಿನ ಮೂಲೆಗಿಟ್ಟು, ವಾಲ್‌ನಟ್ ಮರದ ಮೇಲೆ ಎಮರಿ ಪೇಪರ್ ಆಡಿಸತೊಡಗಿದರೆಂದರೆ ಮುಗಿಯಿತು. ಮೊದಲು ಮರದ ಹುಡಿಯ ವಾಸನೆ ಏಳುತ್ತಿತ್ತು. ಅದರ ಹಿಂದೆಯೇ ಬಿಸಿ ಅರಗಿನ ವಾಸನೆ. ಗರಾಜಿನಲ್ಲಿ ಅರಗು ಇರಲೇ ಇಲ್ಲ. ಆಮೇಲೆ ಗಲ್ಲಿಯ ಟಾಂಗಾ ಸದ್ದು, ಪಕ್ಕದ ಮನೆಯ ರೇಡಿಯೋ, ಅಬ್ಬಾನ ಕೆಮ್ಮು. ಹೆಂಡತಿ ಸುರಯ್ಯಾ ಒಳಗಿನಿಂದ "ರೀ, ದೋಸೆ ಆರಿಹೋಗ್ತಾ ಇದೆ" ಎಂದು ಕೂಗಿದರೆ ಆ ಕೂಗು ಅಷ್ಟೆಲ್ಲ ಗಲ್ಲಿಗಳನ್ನು ದಾಟಿ ಅವರ ಕಿವಿಗೆ ಬೀಳುವಷ್ಟರಲ್ಲಿ ದೋಸೆ ರಟ್ಟಾಗಿರುತ್ತಿತ್ತು.

ಇಷ್ಟೆಲ್ಲ ಕನಸು ಕಾಣುತ್ತ ಅವರು ಮಾಡುತ್ತಿದ್ದದ್ದು ಬಂದೂಕಿನ ಕೆಲಸ. ಗಾಬರಿ ಬೇಡ. ಪಾಯಿಂಟ್ ಟೂ-ಟೂ ರಿಮ್‌ಫೈರ್ ರೈಫಲ್ಲು, ಕಡಲೆಬೀಜಕ್ಕಿಂತ ತುಸು ದೊಡ್ಡ ತೋಟಾ, ಕಾಗದದ ಗುರಿಗೆ ಹೊಡೆಯಲಿಕ್ಕಷ್ಟೇ. ಪೊಲೀಸರು ಕೊಡುವ ಪರವಾನಗಿ ಕಾರ್ಡು ಗಂಡಹೆಂಡಿರಿಬ್ಬರ ಹೆಸರಿನಲ್ಲೂ ಇತ್ತು, ಕೆಲಸ ಮುಗಿದ ಕೂಡಲೇ ಬಂದೂಕು ಉಕ್ಕಿನ ಪೆಟ್ಟಿಗೆ ಸೇರಿ ಬೀಗ ಬೀಳುತ್ತಿತ್ತು. ಪಿಸ್ಕಾಟವೇದ ಟೆಲಿಕಾಂ ಆಫೀಸಿನಿಂದ ರಿಟೈರ್ ಆದ ಮೇಲೆ ಹತ್ತಿಕೊಂಡ ಹುಚ್ಚು ಅದು. ಅಂಗಡಿಯಿಂದ ತಂದಾಗ ಬಡಪಾಯಿ ಬಂದೂಕು. ಬೆರಳಿನಿಂದ ಎಳೆಯುವ ಅದರ ಕುದುರೆ ಗಡುಸೆಂದು ಹಗುರವಾದ ಕುದುರೆ ಹಾಕಿದರು. ನಳಿಗೆ ತೆಳ್ಳಗಾಯಿತೆಂದು ದಪ್ಪ ನಳಿಗೆ ತರಿಸಿದರು. ಸ್ಪ್ರಿಂಗು ಬದಲಾಯಿತು, ಮೇಲೆ ದುರ್ಬೀನು ಕೂತಿತು. ಹೋಬೋಕನ್‌ನಲ್ಲಿರುವ ಮಗಳು ಆರಿಫಾ, "ಡ್ಯಾಡ್, ಪ್ಲೀಸ್, ನನ್ನ ಫ್ರೆಂಡ್ಸ್ ಬಂದಾಗ ಗರಾಜ್ ಕ್ಲೋಸ್ ಮಾಡಿಡಿ" ಎನ್ನುತ್ತಿದ್ದಳು.

ಮಾಡುವುದು ಮಜೀದರು, ಹೊಡೆಯುವುದು ಸುರಯ್ಯಾ. ಸಾಹೇಬರ ಗುರಿಯ ವಿಷಯ ಎತ್ತದಿರುವುದೇ ಮರ್ಯಾದೆ. ಸುರಯ್ಯಾರ ಗುರಿ ಮಾತ್ರ ಹುಟ್ಟಿನಿಂದ ಬಂದದ್ದು. ಮದುವೆ ನಿಶ್ಚಯವಾದ ವರ್ಷ ದಸರಾ ಎಕ್ಸಿಬಿಷನ್ನಿಗೆ ಎರಡೂ ಮನೆಯವರು ಹೋಗಿದ್ದರು. ಬಲೂನು ಹೊಡೆಯುವ ಅಂಗಡಿಯ ಬಂದೂಕುಗಳು ಡೊಂಕೆಂದು ಇಡೀ ಮೈಸೂರಿಗೆ ಗೊತ್ತು. ಭಾವೀ ಮದುಮಗ ಹೊಡೆದದ್ದೆಲ್ಲ ಹಲಗೆಗೆ ಬಡಿಯಿತು. ದೊಡ್ಡವರು ಹಪ್ಪಳ ಮುರಿಯುತ್ತ ಆ ಕಡೆ ತಿರುಗಿದ್ದಾಗ ಸುರಯ್ಯಾ ಬಂದೂಕು ತೆಗೆದುಕೊಂಡು, ಮೊದಲ ಗುಂಡನ್ನು ಬೇಕೆಂದೇ ಖಾಲಿ ಹಲಗೆಗೆ ಹೊಡೆದು, ಅದು ಎತ್ತ ಸರಿಯಿತೆಂದು ನೋಡಿ, ಆಮೇಲೆ ಬಲೂನಿನ ಪಕ್ಕಕ್ಕೆ ಗುರಿಯಿಟ್ಟು ಒಂದೊಂದನ್ನೇ ಒಡೆದರು. ಪಟ್ ಪಟ್ ಎಂದು ಬಲೂನು ಒಡೆದದ್ದು, ದುಪಟ್ಟಾ ಬಾಯಿಗೊತ್ತಿಕೊಂಡು ಹುಡುಗಿ ನಕ್ಕದ್ದು, ಇವೆರಡೇ ಮಜೀದರ ನೆನಪಿನಲ್ಲಿ ಉಳಿದವು. ಹೇಗೆ ಒಡೆದಳೆಂಬುದು ಅಂದೇ ಮರೆತುಹೋಯಿತು.

ಈಗ ಅಬ್ಬಾನ ವಿಷಯ. ಅವರು ಬೀಟೆ ಮರದಲ್ಲಿ ಇನ್‌ಲೇ ಕೆಲಸ ಮಾಡುವವರು. ಬೀಟೆಯ ಹಲಗೆಯಲ್ಲಿ ತೋಡು ತೆಗೆದು, ಹಲಸು, ಮಾವು, ಬಣ್ಣ ಬಣ್ಣದ ಮರದ ಚೂರುಗಳನ್ನು ಕೂರಿಸಿ ಆನೆ, ಹಕ್ಕಿ, ಹೂ ಮಾಡುವ ಕೆಲಸ. "ಸಂದಿಯಲ್ಲಿ ಕೂದಲು ತೂರಿದರೆ ಅದು ಕೆಲಸ ಅಲ್ಲ" ಎಂಬುದು ಅವರ ಮಾತು. ಮಜೀದರು ಹೈಸ್ಕೂಲಿನಲ್ಲಿದ್ದಾಗ ಒಂದು ಸಣ್ಣ ಡಬ್ಬಿ ಮಾಡಿ ತಂದಿಟ್ಟರು. ಅಬ್ಬಾ ಮುಚ್ಚಳ ಹಾಕಿ ಡಬ್ಬಿಯನ್ನು ಬೆಳಕಿಗೆ ಹಿಡಿದರು. ಸಂದಿಯಿಂದ ಬೆಳಕು ಗೆರೆಯಾಗಿ ಬಂತು. ಬೈಯಲಿಲ್ಲ, ಹೊಗಳಲಿಲ್ಲ, ಡಬ್ಬಿಯನ್ನು ತಮ್ಮ ಶೆಲ್ಫಿಗೆ ಸೇರಿಸಿ, "ನಿನ್ನದು ಓದೋ ಕೈ. ಓದ್ಕೋ ಹೋಗು" ಎಂದರು. ಮಜೀದರು ಓದಿದರು. ಆದರೆ ಆ ಬೆಳಕಿನ ಗೆರೆ ಅವರ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತು. ಅಬ್ಬಾ ತೀರಿಕೊಂಡ ಮೇಲೆ ಅಕ್ಕ ಅದೇ ಡಬ್ಬಿಯನ್ನು ಇವರಿಗೆ ಕಳಿಸಿದಳು. ಒಳಗೆ ಅಬ್ಬಾ ಯಾವುದಕ್ಕೂ ಕೂರಿಸದೆ ಬಿಟ್ಟಿದ್ದ ಒಂದು ಗೊರವಂಕ ಇತ್ತು: ಬೀಟೆಯ ಮೈ, ಹಲಸಿನ ಹಳದಿ ಕೊಕ್ಕು, ಉದ್ದನೆಯ ಬಾಲ.

ಆ ಗೊರವಂಕವನ್ನು ಕೂರಿಸಲೆಂದೇ ಬಂದೂಕಿಗೆ ಹೊಸ ಮರದ ಮೈ ಕಡೆಯಹೊರಟರು ಸಾಹೇಬರು. ಪೆನ್ಸಿಲ್ವೇನಿಯಾದಿಂದ ವಾಲ್‌ನಟ್ ದಿಮ್ಮಿ ಬಂತು. ಚಳಿಗಾಲವೆಲ್ಲ ಉಳಿ ಹಿಡಿದು ಕೂತರು. ನಳಿಗೆ ಮಲಗುವ ತೋಡನ್ನು ತೆಗೆದರು ನೋಡಿ, ಹೆತ್ತ ತಾಯಿ ಮಗುವನ್ನು ಅಪ್ಪಿಕೊಂಡಂತೆ ಮರ ಉಕ್ಕನ್ನು ಅಪ್ಪಿಕೊಂಡಿತು. ಕೂದಲಲ್ಲ, ಉಸಿರೂ ತೂರದು. ತೋಡಿನ ಎಡ ಅಂಚಿಗೆ ಬಾಲ ತಾಗುವಂತೆ ಗೊರವಂಕವನ್ನು ಕೂರಿಸಿದರು.

ಗುರಿ ಹೊಡೆಯುವವರ ಕ್ಲಬ್ಬಿನಲ್ಲಿ ಪರಿಚಯವಾದ ಮಂಡ್ಯದ ವಿಕ್ರಾಂತ್ ಒಂದು ದಿನ ಬಂದು ನೋಡಿ ಹುಬ್ಬು ಗಂಟಿಕ್ಕಿದ. "ಅಂಕಲ್, ಸೂಪರ್ ಆಗಿದೆ. ಆದ್ರೆ ಬ್ಯಾರಲ್ ಫ್ರೀ ಆಗಿರ್ಬೇಕಲ್ವಾ? ಮರಕ್ಕೂ ಅದಕ್ಕೂ ನಡುವೆ ಡಾಲರ್ ನೋಟು ಹಾಕಿ ಎಳೆದ್ರೆ ಸರಾಗವಾಗಿ ಬರ್ಬೇಕು. ಬೇಸಿಗೇಲಿ ಮರ ಊದ್ಕೊಂಡ್ರೆ ಬ್ಯಾರಲ್‌ನ ತಳ್ಳುತ್ತೆ."

"ನೋಟು ತೂರೋಷ್ಟು ಸಂದಿ ಬಿಟ್ರೆ ನಮ್ಮ ಅಬ್ಬಾ ಎದ್ದು ಬರ್ತಾರೆ ಕಣಪ್ಪ" ಎಂದರು ಮಜೀದರು. ಅದು ಕೆಲಸ ಬಾರದವರು ಮಾಡಿಕೊಂಡ ನಿಯಮ ಎಂಬುದು ಅವರ ಗಟ್ಟಿ ನಂಬಿಕೆ. ಪುಸ್ತಕದಲ್ಲಿ ಓದಿದ್ದರೂ ನಂಬಲಿಲ್ಲ.

ನಂಬುವ ಅಗತ್ಯವೂ ಬೀಳಲಿಲ್ಲ. ಪೈನ್ ಮರಗಳ ನಡುವಿನ ಕ್ಲಬ್ಬಿಗೆ ಸುರಯ್ಯಾರನ್ನು ಕೂರಿಸಿಕೊಂಡು ಡ್ರೈವ್ ಮಾಡಿಕೊಂಡು ಹೋಗುವುದು, ಆಕೆ ಪಕ್ಕದ ಖಾಲಿ ಕಾಗದಕ್ಕೆ ಒಂದು ಗುಂಡು ಹೊಡೆದು, "ಸುಮ್ನೆ, ಕೈ ಬಿಸಿಯಾಗ್ಲಿ ಅಂತ" ಎನ್ನುವುದು, ಆಮೇಲೆ ಹೊಡೆದದ್ದೆಲ್ಲ ಕಪ್ಪು ವೃತ್ತದ ನಡುವೆ ಒಂದೇ ತೂತಾಗುವುದು. ಮಜೀದರು ಆ ಕಾಗದಗಳನ್ನು ತಂದು ಗರಾಜಿನ ಗೋಡೆಗೆ ಪಿನ್ ಮಾಡಿ, ಚಾವಣಿಯ ಕಡೆ ಮುಖವೆತ್ತಿ, "ನೋಡಿದ್ರಾ ಅಬ್ಬಾ, ಸಂದಿ ಇದೆಯಾ?" ಎಂದು ಕೇಳುತ್ತಿದ್ದರು. ಬೇರೆ ಯಾರ ಸರ್ಟಿಫಿಕೇಟೂ ಅವರಿಗೆ ಬೇಕಿರಲಿಲ್ಲ. ಈ ಒಂದು ಬಂದೂಕು ನೇರ ಹೊಡೆದರೆ ತಾವು ಅಬ್ಬಾನ ಮಗನೇ ಹೌದು, ಅಷ್ಟೇ ಅವರ ಲೆಕ್ಕ.

ಜುಲೈ ಬಂತು. ಗಾಳಿ ಹಿಂಡಿದರೆ ನೀರು ಬರುವಂಥ ದಿನಗಳು. ಒಂದು ಶನಿವಾರ ಕ್ಲಬ್ಬಿನಲ್ಲಿ ವಿಕ್ರಾಂತನ ಬಂದೂಕು ಕೈಕೊಟ್ಟಿತು. "ನಮ್ಮದು ತಗೋ" ಎಂದು ಸಾಹೇಬರು ಉದಾರವಾಗಿ ಕೊಟ್ಟರು. ವಿಕ್ರಾಂತ್ ಒಳ್ಳೆ ಗುರಿಗಾರ. ಆದರೆ ಅವನ ಗುಂಡುಗಳೆಲ್ಲ ಎಡಕ್ಕೆ, ಮೇಲಕ್ಕೆ ಹೋದವು.

"ಅಂಕಲ್, ಇದು ಎಡಕ್ಕೆ ಎಳೀತಾ ಇದೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಮಜೀದರು ನಕ್ಕರು. ವಿಕ್ರಾಂತನೂ ನಕ್ಕ. ಆದರೂ ಸಾಹೇಬರು ತಾವೇ ಕೂತು ಹೊಡೆದು ನೋಡಿದರು, ಅವೂ ಎಡಕ್ಕೇ ಹೋದವು. ನನ್ನ ಗುರಿ ಯಾವತ್ತು ನೆಟ್ಟಗಿತ್ತು ಎಂದು ಸಮಾಧಾನ ಹೇಳಿಕೊಂಡು, "ಸುರಯ್ಯಾ, ಬಾ, ತೋರಿಸು ಇವನಿಗೆ" ಎಂದು ಕರೆದರು.

ಸುರಯ್ಯಾ ಒಂದು ಕ್ಷಣ ಗಂಡನ ಮುಖ ನೋಡಿ ಬಂದು ಕೂತರು. ಪಕ್ಕದ ಕಾಗದಕ್ಕೆ ಒಂದು ಗುಂಡು, ಆಮೇಲೆ ನಡುವಿಗೆ ಒಂದರ ಮೇಲೊಂದು. ವಿಕ್ರಾಂತ್ ತಲೆ ಕೆರೆದುಕೊಂಡ. ಮಜೀದರು ಅಲ್ಲಿಗೇ ಬಿಡಬಹುದಿತ್ತು. ಆದರೆ ಅವರೊಳಗಿನ ಇಂಜಿನಿಯರ್ ಆ ಹೊತ್ತಿಗೇ ಎಚ್ಚರಾಗಬೇಕೆ? "ತೋಟಾ ತೆಗೆದುಬಿಡು. ಬಂದೂಕು ಅಲ್ಲಾಡಿಸಬೇಡ" ಎಂದರು. ಮರಳಿನ ಚೀಲಗಳ ಮೇಲೆ ಬಂದೂಕು ಇದ್ದಲ್ಲೇ ಇತ್ತು. ಬಗ್ಗಿ ದುರ್ಬೀನಿಗೆ ಕಣ್ಣಿಟ್ಟರು. ಒಳಗೆ ಗುರಿ ತೋರಿಸುವ ಕೂಡುಗೆರೆ ಕಪ್ಪು ವೃತ್ತದ ಮೇಲೆ ಇರಲೇ ಇಲ್ಲ. ಬಲಗಡೆ, ಕೆಳಗೆ, ಬಿಳೀ ಕಾಗದದ ಮೇಲೆ ನಿಂತಿತ್ತು.

"ಎಲ್ಲಿಗೆ ಗುರಿ ಇಡ್ತಾ ಇದ್ದೀಯ ನೀನು?"

"ಬಲೂನಿನ ಪಕ್ಕಕ್ಕೆ" ಎಂದರು ಸುರಯ್ಯಾ.

ಆ ಮನೆಯಲ್ಲಿ ಲಲ್ಲೆ ಮಾತೆಲ್ಲ ಉರ್ದುವಿನಲ್ಲಿ, ಜಗಳ ಮಾತ್ರ ಅಚ್ಚ ಮೈಸೂರು ಕನ್ನಡದಲ್ಲಿ. ಕಾರು ಹೈವೇಗೆ ಬಂದ ಮೇಲೆ ಮಜೀದರು ಕನ್ನಡದಲ್ಲೇ ಕೇಳಿದರು.

"ಯಾವತ್ತಿನಿಂದ?"

"ಮೊದಲನೇ ದಿನದಿಂದ. ಒಣ ಹವೆ ಇದ್ರೆ ಸ್ವಲ್ಪ ಎಳೆಯುತ್ತೆ, ಸೆಕೆ ಇದ್ರೆ ಜಾಸ್ತಿ. ಒಂದು ಗುಂಡು ಹೊಡೆದ್ರೆ ಅವತ್ತಿನ ಡೊಂಕು ಗೊತ್ತಾಗುತ್ತೆ."

"ದುರ್ಬೀನಿನ ಗುಂಡಿ ತಿರುಗಿಸಬಹುದಿತ್ತಲ್ಲ?"

"ತಿರುಗಿಸಿದ್ರೆ ನಿಮಗೆ ಗೊತ್ತಾಗ್ತಿತ್ತು."

"ಹೇಳೋಕೇನಾಗಿತ್ತು ನಿನಗೆ?"

"ಹೇಳೋಣ ಅಂತ ಗರಾಜಿಗೆ ಬಂದೆ ರೀ. ನೀವು ಚಾವಣಿ ನೋಡ್ಕೊಂಡು ಅಬ್ಬಾ ಹತ್ರ ಮಾತಾಡ್ತಾ ಇದ್ರಿ. ಮಧ್ಯ ಬಾಯಿ ಹಾಕೋದು ಸರಿಯಲ್ಲ ಅನ್ನಿಸ್ತು, ವಾಪಸ್ ಹೋದೆ."

ಮಜೀದರಿಗೆ ಸಿಟ್ಟು ಬಂತು, ನಾಚಿಕೆಯಾಯಿತು, ಅಳುವೂ ಬಂದಂತಾಯಿತು. ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಡ್ರೈವ್ ಮಾಡುತ್ತ ಹೋದರು. ಗೋಡೆಯ ಮೇಲಿನ ಅಷ್ಟೂ ಕಾಗದಗಳು ಅಬ್ಬಾಗೆ ಕೊಟ್ಟ ಉತ್ತರ ಎಂದುಕೊಂಡಿದ್ದರಲ್ಲ, ಅವೆಲ್ಲ ಸುರಯ್ಯಾರ ಕಣ್ಣಿನ ಕರುಣೆ. ಮನೆಗೆ ಬಂದವರೇ ಬಂದೂಕನ್ನು ಪೆಟ್ಟಿಗೆಗೆ ಹಾಕಿ, ಗರಾಜಿನ ಬಾಗಿಲೆಳೆದರು. ದೋಸೆಗಳು ಬಿಸಿಬಿಸಿಯಾಗಿಯೇ ಖಾಲಿಯಾಗತೊಡಗಿದವು. ಸುರಯ್ಯಾರಿಗೆ ಅದು ಸ್ವಲ್ಪವೂ ಇಷ್ಟವಾಗಲಿಲ್ಲ.

ಮತ್ತೆ ಗರಾಜಿಗೆ ಕಾಲಿಟ್ಟದ್ದು ಸ್ಕ್ರೂಡ್ರೈವರ್ ಹುಡುಕಿಕೊಂಡು. ಸೆಕೆಗೆ ಮೇಜಿನ ಡ್ರಾಯರುಗಳೆಲ್ಲ ಊದಿ ಬಿಗಿದುಕೊಂಡಿದ್ದವು. ಎಳೆದರು, ಗುದ್ದಿದರು, ಒಂದೂ ಜಪ್ಪಯ್ಯ ಎನ್ನಲಿಲ್ಲ. ಬೆವರೊರೆಸಿಕೊಂಡು ಕೂತು, ಮೇಜಿನ ಮೇಲಿದ್ದ ಹಳೆಯ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಬೆರಳಿನಿಂದ ತಳ್ಳಿದರು. ಅದು ಸಲೀಸಾಗಿ ತೆರೆದುಕೊಂಡಿತು.

ಒಳಗಿನಿಂದ ಅಡಿಕೆಯ ವಾಸನೆ ಬಂತು. ಎಷ್ಟು ಸಲ ಬಂದಿತ್ತೋ ಆ ವಾಸನೆ, ಇಂದೇ ಮೂಗಿಗೆ ಮುಟ್ಟಿತು. ಮಂಡಿ ಮೊಹಲ್ಲಾದ ಗಲ್ಲಿ ಮೆಲ್ಲನೆ ಗರಾಜಿಗೆ ಇಳಿದು ಬಂತು. ಹೊರಗೆ ಮಳೆಗಾಲ. ಅಂಗಡಿಗೆ ಕೊಡಬೇಕಾದ, ಕೂದಲು ತೂರದ ಚೆಂದದ ಡಬ್ಬಿಗಳು ಮುಚ್ಚಳ ಕಚ್ಚಿಕೊಂಡು ಸಾಲಾಗಿ ಕೂತಿವೆ. ಅಬ್ಬಾ ಅವನ್ನೆಲ್ಲ ಬಿಟ್ಟು, ಕೈ ನೀಡಿ, ಶೆಲ್ಫಿನಿಂದ ಆ ಒಂದು ಡಬ್ಬಿ ತೆಗೆದು, ಒಂದೇ ಬೆರಳಲ್ಲಿ ಮುಚ್ಚಳ ಸರಿಸಿ, ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಮತ್ತೆ ಉಳಿ ಎತ್ತಿಕೊಳ್ಳುತ್ತಾರೆ. ಮಗ ಮಾಡಿದ ಡಬ್ಬಿ ದಿನವೂ ಅವರ ಕೈಯಳತೆಯಲ್ಲೇ ಇತ್ತು. ಅಬ್ಬಾ ಅದನ್ನು ಮೂಲೆಗೆ ಹಾಕಿದರೆಂದು ಮಜೀದರು ಇಷ್ಟು ವರ್ಷ ಅಂದುಕೊಂಡಿದ್ದರು.

"ಅಬ್ಬಾ, ಒಂದು ಮಾತು ಬಾಯಿಬಿಟ್ಟು ಹೇಳಬಾರದಿತ್ತಾ?" ಎಂದು ಚಾವಣಿಯನ್ನು ಕೇಳಿದರು. ಅಬ್ಬಾ ಅಡಿಕೆ ಅಗಿಯುತ್ತಲೇ ಇದ್ದರು.

ಬಂದೂಕು ಹೊರಗೆ ಬಂತು. ನಳಿಗೆಯನ್ನು ಬಿಚ್ಚಿಟ್ಟು, ತೋಡಿನ ಅಂಚನ್ನು ಉಳಿಯಿಂದ ಕೆರೆಯತೊಡಗಿದರು. ಬಲಗಡೆ ಬೇಗ ಮುಗಿಯಿತು. ಎಡಗಡೆ ಗೊರವಂಕ ಕೂತಿತ್ತು, ಬಾಲ ಸರಿಯಾಗಿ ಅಂಚಿನ ಮೇಲೆ. ಅಬ್ಬಾನ ಕೈಯ ಕೊನೆಯ ಹಕ್ಕಿ. ಉಳಿ ಅಲ್ಲೇ ನಿಂತಿತು. ಸುರಯ್ಯಾ ಬಾಗಿಲಲ್ಲಿ ಬಂದು ನಿಂತು, "ಬಿಡಿ ರೀ. ನನಗೇನು ಕಷ್ಟ ಇಲ್ಲ, ಪಕ್ಕಕ್ಕೆ ಹೊಡೆದು ಅಭ್ಯಾಸ ಆಗಿದೆ" ಎಂದರು.

"ನನಗೆ ಕಷ್ಟ ಇದೆ" ಎಂದು ಮಜೀದರು ಉಳಿ ಒತ್ತಿದರು. ಬೀಟೆಯ ಬಾಲ ಸುರುಳಿಯಾಗಿ ಎದ್ದು ಮೇಜಿನ ಮೇಲೆ ಬಿತ್ತು. ನಳಿಗೆಯನ್ನು ಮತ್ತೆ ಕೂರಿಸಿ ಬಂದೂಕನ್ನು ಬೆಳಕಿಗೆ ಹಿಡಿದರು. ಮರಕ್ಕೂ ಉಕ್ಕಿಗೂ ನಡುವೆ ಬೆಳಕು ಗೆರೆಯಾಗಿ ಬಂತು. ಜೇಬಿನ ನೋಟು ತೂರಿಸಿದರೆ ಆ ಕಡೆಯಿಂದ ಈ ಕಡೆಗೆ ಸರಾಗವಾಗಿ ಬಂತು. ಬಿದ್ದ ಸುರುಳಿಯನ್ನು ಡಬ್ಬಿಗೆ ಹಾಕಿಟ್ಟರು.

ಮುಂದಿನ ವಾರ ಕ್ಲಬ್ಬಿನಲ್ಲಿ ವಿಕ್ರಾಂತ್ ಅದನ್ನು ಹೊಡೆದು ನೋಡಿ ದುರ್ಬೀನು ಸರಿಮಾಡಿ ಕೊಟ್ಟ. ಅವನ ಗುಂಡುಗಳೆಲ್ಲ ನಡುವಿಗೇ ಬಿದ್ದವು. ಪೈನ್ ಮರಗಳ ಮೇಲೆ ಸೆಕೆ ಮಂಜಿನಂತೆ ತೇಲುತ್ತಿತ್ತು, ಜೀರುಂಡೆಗಳು ಒಂದೇ ಸಮನೆ ಜಿರಿಗುಟ್ಟುತ್ತಿದ್ದವು. ಸುರಯ್ಯಾ ಕೂತು ಅಭ್ಯಾಸಬಲದಿಂದ ಪಕ್ಕದ ಕಾಗದದ ಕಡೆ ತಿರುಗಿದಾಗ ಮಜೀದರು, "ಕೈ ಬಿಸಿ ಮಾಡೋದು ಬೇಡ. ಇವತ್ತು ನೇರ ಹೊಡಿ" ಎಂದರು.

ಸುರಯ್ಯಾ ಹೊಡೆದರು. ಮತ್ತೆ ಹೊಡೆದರು. ಮಜೀದರು ನೋಡಿದರೆ ನಡುವಿನಲ್ಲಿ ಒಂದೂ ತೂತಿಲ್ಲ. ಎಲ್ಲವೂ ಬಲಗಡೆ, ಕೆಳಗೆ, ಬಿಳೀ ಕಾಗದದ ಮೇಲೆ ಬಿದ್ದಿದ್ದವು. ಆಕೆ ಕೂಡುಗೆರೆಯನ್ನು ಎಷ್ಟೇ ನಡುವಿಗೆ ತಂದರೂ ಕೊನೆಯ ಗಳಿಗೆಯಲ್ಲಿ ಕಣ್ಣು ತಾನಾಗಿಯೇ ಪಕ್ಕಕ್ಕೆ ಸರಿಯುತ್ತಿತ್ತು. ಅಲ್ಲಿಯವರೆಗೆ ಸುರಯ್ಯಾರ ಗುರಿ ತಪ್ಪಿದ್ದನ್ನು ಆ ಕ್ಲಬ್ಬಿನಲ್ಲಿ ಯಾರೂ ಕಂಡಿರಲಿಲ್ಲ. ವಿಕ್ರಾಂತ್ ಬೇಕೆಂದೇ ಬೇರೆ ಕಡೆ ನೋಡಿದ.

ಸುರಯ್ಯಾ ದುಪಟ್ಟಾದಿಂದ ಕಣ್ಣೊರೆಸಿಕೊಂಡು ನಗತೊಡಗಿದರು. "ಕುಣಿಯಲಾರದವಳು ಅಂತ ಮಾತ್ರ ಅನ್ನಬೇಡಿ ರೀ. ಇಷ್ಟು ದಿನ ಡೊಂಕು ನೆಲದಲ್ಲೇ ಕುಣಿದೆ. ಈಗ ಸಮ ನೆಲದಲ್ಲಿ ಕಾಲು ನಿಲ್ತಾ ಇಲ್ಲ."

ಮಜೀದರಿಗೆ ನಗುವುದಕ್ಕೆ ಆಗಲಿಲ್ಲ. ಬಂದೂಕಿನ ಮುಂದುಗಡೆಯ ಮರಳಿನ ಚೀಲವನ್ನು ಸರಿಪಡಿಸುವ ನೆಪದಲ್ಲಿ ಆಕೆಯ ಪಕ್ಕದಲ್ಲೇ ಮಂಡಿಯೂರಿ ಕೂತು, ತೋಟಾಗಳ ಪೆಟ್ಟಿಗೆಯನ್ನು ಕೈಗೆ ಸಿಗುವ ಹಾಗೆ ಸರಿಸಿಟ್ಟರು. "ಇನ್ನೊಂದು ಸಲ ಹೊಡಿ. ಆತುರ ಏನಿಲ್ಲ."

ಸುರಯ್ಯಾ ಬಾಲವಿಲ್ಲದ ಗೊರವಂಕದ ಮೇಲೆ ಎಡಗೈ ಬೆರಳಿಟ್ಟು, ಕೆನ್ನೆಯನ್ನು ಮರಕ್ಕೆ ತಾಗಿಸಿದರು. ಕಣ್ಣು ಪಕ್ಕಕ್ಕೆ ಸರಿಯಿತು. ನಿಧಾನವಾಗಿ ಅದನ್ನು ವಾಪಸ್ ಕರೆತಂದು, ಆ ದಿನ ಮೊದಲ ಸಲ ಬಲೂನಿಗೇ ಗುರಿ ಇಟ್ಟರು.