ಬೇವಿನ ಮರದಿಂದ ವಾಪಸಾಗುವ ಪ್ರಭಾತ ಫೇರಿ

ಈ ಸಲ ಸ್ವಾತಂತ್ರ್ಯ ದಿನ ಶುಕ್ರವಾರ ಬಿದ್ದಿತ್ತು. ಶನಿವಾರ, ಭಾನುವಾರ ಸೇರಿ ಮೂರು ದಿನ ರಜೆ. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಹಿಂದಿನ ಬಾಡಿಗೆ ಮನೆಯಲ್ಲಿ ಲಾರಿಗಳ ಹಾರ್ನು ಕೇಳುತ್ತ ಬಿದ್ದಿರುವುದಕ್ಕಿಂತ, ಭಾಲ್ಕಿ ಕಡೆಯ ನಮ್ಮ ಹಳ್ಳಿಗೆ ಹೋಗಿ ಬಾವಿಗೆ ಹಾರಿ ಈಜಿ, ಹೊಲದಲ್ಲಿ ಹಸಿ ಹೆಸರುಕಾಯಿ ಸುಲಿದು ತಿನ್ನೋಣ ಎಂದು ಗುರುವಾರವೇ ಬಸ್ಸು ಹತ್ತಿದೆ. ಅಲ್ಲಿ ನನ್ನ ಆಯಿ, ಅಂದರೆ ಅಪ್ಪನ ತಾಯಿ, ಇದ್ದಾಳೆ.

ನನಗೆ ಬರುವ ವಿದ್ಯೆ ಒಂದೇ, ಮಂದಿಯ ದನಿ ಕದಿಯುವುದು. ಗಂಜಿನ ದಲಾಲರು ತೊಗರಿಯ ಹರಾಜು ಕೂಗುವುದು, ಕಂಡಕ್ಟರ್ ಮೂಗಿನಿಂದ ‘ಔರಾದ್ ಔರಾದ್ ಔರಾದ್’ ಅನ್ನುವುದು, ಸಾಹೇಬರ ಫೋನು ಬಂದರೆ ಅಪ್ಪ ಲುಂಗಿಯಲ್ಲೇ ಎದ್ದು ನಿಂತು ‘ಹೌದ್ರಿ ಸರ್’ ಅನ್ನುವುದು, ಎಲ್ಲ ಬರುತ್ತದೆ. ನನ್ನ ಸ್ವಂತ ದನಿ ಮಾತ್ರ ಪ್ರತಿ ಇಂಟರ್‌ವ್ಯೂನಲ್ಲೂ ಕೈಕೊಡುತ್ತದೆ.

ನಮ್ಮೂರಲ್ಲಿ ಹದಿನೈದರ ಬೆಳಿಗ್ಗೆ ಧ್ವಜ ಏರಿಸುವ ಮೊದಲು ಸಾಲೆಯ ಮಕ್ಕಳು ಝಂಡಾ ಹಿಡಿದು, ಜಯಕಾರ ಹಾಕುತ್ತ ಊರು ಸುತ್ತುತ್ತಾರೆ. ಅದೇ ಪ್ರಭಾತ ಫೇರಿ. ಫೇರಿ ಹಾಯುವ ಪ್ರತಿ ಮನೆಯವರೂ ಅಂಗಳ ಸಾರಿಸಿ, ರಂಗೋಲಿ ಹಾಕಿ, ಮಕ್ಕಳ ಕೈಗೆ ಸಕ್ಕರೆಯನ್ನೋ ಪುಠಾಣಿಯನ್ನೋ ಹಾಕಬೇಕು. ಫೇರಿ ಎಲ್ಲ ಓಣಿ ಸುತ್ತಿ, ಕೊನೆಗೆ ನಮ್ಮ ಓಣಿಯ ಮೂಲೆಯ ಬೇವಿನ ಮರದವರೆಗೆ ಬರುತ್ತದೆ. ಅಲ್ಲಿಂದ ವಾಪಸ್. ನಮ್ಮದು ಬೌದ್ಧರಾದ ದಲಿತರ ಓಣಿ.

ನಾಲ್ಕನೆಯ ತರಗತಿವರೆಗೆ ನಾನೂ ಅದೇ ಫೇರಿಯಲ್ಲಿ ನಡೆದವನು. ಗಂಟಲು ದೊಡ್ಡದೆಂದು ನನ್ನನ್ನೇ ಮುಂದೆ ಬಿಡುತ್ತಿದ್ದರು. ಕಂಡವರ ಅಂಗಳದ ಮುಂದೆಲ್ಲ ‘ಭಾರತ ಮಾತಾ ಕಿ’ ಎಂದು ಕಿರುಚಿ, ಬೇವಿನ ಮರದ ಹತ್ತಿರ ತಿರುಗುವಾಗ, ಲಿಂಬೆ ಶರಬತ್ತಿನ ಬಕೆಟ್ ಇಟ್ಟುಕೊಂಡು ಬಾಗಿಲಲ್ಲಿ ನಿಂತ ಆಯಿಗೆ ಕೈಬೀಸುತ್ತಿದ್ದೆ. ಆಮೇಲೆ ಓಣಿಯ ಪೋರರೆಲ್ಲ ಸೇರಿ ಆ ಬಕೆಟ್ ಖಾಲಿ ಮಾಡುತ್ತಿದ್ದೆವು. ಒಬ್ಬೊಬ್ಬರಿಗೆ ಮೂರು ಮೂರು ಗ್ಲಾಸು! ಹೊಟ್ಟೆ ಗುಳುಗುಳು ಅನ್ನುತ್ತಿರುವಾಗಲೇ ಬಾವಿಗೆ ಧುಮುಕುವುದು. ಅಂಥ ಸುಖ ಮತ್ತೆ ಸಿಕ್ಕಿಲ್ಲ ಎಂದು ಗೆಳೆಯರ ಮುಂದೆ ಎಷ್ಟೋ ಸಲ ಕೊಚ್ಚಿಕೊಂಡಿದ್ದೇನೆ. ಆ ಮೂರು ಗ್ಲಾಸಿನಲ್ಲಿ ಎರಡು, ನಮ್ಮ ಬಾಗಿಲಿಗೆ ಬಾರದ ಮಕ್ಕಳ ಪಾಲು ಎಂದು ಹೊಳೆಯಲು ನನ್ನಂಥ ಜಾಣನಿಗೆ ಹತ್ತು ವರ್ಷ ಬೇಕಾಯಿತು. ಈಗ ಆ ರುಚಿ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಮೊದಲು ‘ಆ ಓಣ್ಯಾಗ ರಾಡಿ ಅದ’ ಅನ್ನುತ್ತಿದ್ದರು. ಸಿಮೆಂಟ್ ರಸ್ತೆ ಬಂತು. ಆಮೇಲೆ ‘ಗಟಾರ ತೆರದದ’ ಅಂದರು. ಗಟಾರಕ್ಕೆ ಕಲ್ಲು ಮುಚ್ಚಿದರು. ಈಗ ಟೈಮ್ ಇಲ್ಲವಂತೆ.

ಗುರುವಾರ ಸಂಜೆ ಆಯಿ ಲಿಂಬೆಹಣ್ಣು ಹಿಂಡುತ್ತ ಕುಳಿತಿದ್ದಳು.

“ಯಾರಿಗಿ ಮಾಡ್ಲತ್ತೀ ಆಯಿ? ಅವ್ರೇನ್ ಬರಾಂಗಿಲ್ಲ.”

“ಈ ಸಾರಿ ಬರ್ತಾರ. ಡ್ರಿಲ್ ಮಾಸ್ತರ ಹೊಸಬ ಇದ್ದಾನ. ನಾನೇ ಸಾಲಿಗಿ ಹೋಗಿ ಕೇಳೀನಿ, ಹೂಂ ಅಂದಾನ.”

“ಹೂಂ ಅನ್ಲಾಕ ಅವ್ನ ಗಂಟೇನ್ ಹೋಗ್ತದ?”

“ಬಾಯಿ ಮುಚ್ಚು, ಮಂಗ್ಯಾನಂಥವನೇ. ನಾ ಇರೂದ್ರಾಗ ಒಮ್ಮಿ ನನ್ನ ಬಾಗ್ಲಾ ಮುಂದ ಝಂಡಾ ಹಾದು ಹೋಗ್ಲಿ. ಮತ್ತೇನ್ ಬ್ಯಾಡ ನಂಗ.”

ನಾನು ಬಾಯಿ ಮುಚ್ಚಿಕೊಂಡು ಸಾಲೆಯ ಕಡೆ ಹೋದೆ. ಮಾಸ್ತರರು ಮಕ್ಕಳಿಗೆ ಕವಾಯತು ಮಾಡಿಸುತ್ತಿದ್ದರು. ಬಾಯಿ ತುಂಬ ಗುಟಕಾ. ಎಡಕ್ಕೆ ತಿರುಗಿಸಲು ‘ಬಾಯೇ ಮುಡ್’ ಎಂದು ಕೂಗಿದರೆ ಅರ್ಧ ಮೂಗಿನಿಂದ, ಅರ್ಧ ತುಟಿಯ ಸಂದಿಯಿಂದ ಬರುತ್ತಿತ್ತು. ಎರಡು ಸಲ ಕೇಳಿದ್ದೇ ಸಾಕಾಯಿತು.

ಮರುದಿನ ಫೇರಿ ಮೂಲೆಗೆ ಬಂದಾಗ ನಾನು ಮರದ ಬುಡದಲ್ಲೇ ನಿಂತಿದ್ದೆ. ಮಾಸ್ತರರು ನನ್ನನ್ನು ನೋಡಿ ಗಡಿಯಾರ ನೋಡಿಕೊಂಡರು.

“ನಿಮ್ಮ ಆಯಿಗಿ ಹೇಳ್ರಿ, ಟೈಮ್ ಆಗ್ಯಾದ. ಪಂಚಾಯ್ತಿ ಮೆಂಬರ್ ಸಾಹೇಬ್ರು ಸಾಲ್ಯಾಗ ಕಾಯ್ಲತ್ತಾರ. ಬರೂ ವರ್ಷ ಪಕ್ಕಾ.”

ಹೀಗೆ ಹೇಳಿ, ಸಾಲಿನ ಹಿಂದಿದ್ದ ಚಿಕ್ಕ ಮಕ್ಕಳನ್ನು ಗದರಿಸಲು ಹೋದರು. ಬಾಗಿಲಲ್ಲಿ ಆಯಿ ಹೊಸ ಸೀರೆ ಉಟ್ಟು, ಗ್ಲಾಸುಗಳನ್ನು ಜೋಡಿಸಿಕೊಂಡು ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಮರದ ಮರೆಗೆ ಸರಿದು, ಮೂಗು ತುಟಿ ಎರಡನ್ನೂ ಸೇರಿಸಿ ಕೂಗಿದೆ:

“ಬಾಯೇ ಮುಡ್! ಆಗೇ ಬಢ್!”

ಇಡೀ ಸಾಲು ಎಡಕ್ಕೆ ತಿರುಗಿ ನಮ್ಮ ಓಣಿಯೊಳಗೆ ನಡೆಯಿತು. ಇಷ್ಟೇ ಇತ್ತು! ಇಷ್ಟು ವರ್ಷ ಆಗದ ಕೆಲಸಕ್ಕೆ ಬೇಕಾಗಿದ್ದದ್ದು ಎರಡು ಮಾತು. ಯಾವ ಮಗುವೂ ಮೂಗು ಮುರಿಯಲಿಲ್ಲ, ಯಾರ ಕಾಲೂ ರಾಡಿಯಾಗಲಿಲ್ಲ. ಝಂಡಾ ಆಯಿಯ ಬಾಗಿಲ ಮುಂದೆ ಹಾಯಿತು. ಮಕ್ಕಳು ಶರಬತ್ತಿಗೆ ಮುಗಿಬಿದ್ದರು. ಕುಣಿಯಬೇಕಾಗಿದ್ದವನು ನಾನು ಹಲ್ಲು ಕಡಿಯುತ್ತಿದ್ದೆ.

ಮಾಸ್ತರರು ಓಡಿ ಬಂದರು. “ಯಾರು ಹೇಳ್ದ್ರೋ ಇಲ್ಲಿ ಬರ್ಲಾಕ?”

“ನೀವೇ ಅಂದ್ರೆಲ್ರಿ ಸರ್!” ಎಂದವು ಮಕ್ಕಳು.

ಆಯಿ ನಗುತ್ತ ಗ್ಲಾಸು ಮುಂದೆ ಹಿಡಿದಳು. “ಕೊಟ್ಟ ಮಾತು ಉಳಸ್ಕೊಂಡ್ರಿ ಮಾಸ್ತರ. ತಗೋರಿ.”

“ಶ್ರಾವಣ ಶುಕ್ರವಾರ ಅಲ್ರೀ ಆಯಿ, ಉಪವಾಸ ಇದ್ದೇನಿ. ನೀರೂ ಮುಟ್ಟಾಂಗಿಲ್ಲ,” ಎಂದರು, ಗುಟಕಾ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ.

ಆಯಿಯ ನಗು ನಿಂತಿತು. ಮಾಸ್ತರರನ್ನು ನೋಡಿದಳು; ಆಮೇಲೆ ನನ್ನನ್ನು. ತಿಳಿಯಿತು ಅವಳಿಗೆ. ಫೇರಿ ಹೋದ ಮೇಲೆ ಆ ಗ್ಲಾಸನ್ನೇ ಕೈಯಲ್ಲಿ ಹಿಡಿದು, ಸೆರಗು ಸರಿ ಮಾಡಿಕೊಂಡು ಸಾಲೆಯ ದಾರಿ ಹಿಡಿದಳು. ನಾನು ಹಿಂದೆ ಹಿಂದೆ.

ಝಂಡಾ ಏರಿ, ಭಾಷಣ ಮುಗಿದು, ಬೂಂದಿ ಹಂಚುತ್ತಿದ್ದರು. ಮಾಸ್ತರರ ಬಾಯಲ್ಲಿ ಈಗ ಬೂಂದಿ. ಆಯಿ ನೇರ ಅವರ ಮುಂದೆ ಹೋಗಿ ನಿಂತಳು.

“ಉಪವಾಸ ಬಿಟ್ರಲ್ರಿ ಮಾಸ್ತರ. ಈಗ ತಗೋರಿ.”

“ಇಡ್ರಿ ಆಯಿ, ಆಮ್ಯಾಗ…”

“ನಿಂದ್ರತೇನಿ. ನಂಗೇನ್ ಗಡಿಬಿಡಿ ಇಲ್ಲ.”

ಮಕ್ಕಳು ಬೂಂದಿ ತಿನ್ನುವುದನ್ನು ಬಿಟ್ಟು ನೋಡತೊಡಗಿದವು. ಮಾಸ್ತರರು ಮೆಂಬರ್ ಸಾಹೇಬರ ಮುಖ ನೋಡಿದರು, ಬೇರೆ ದಾರಿ ಕಾಣದೆ ಕಷಾಯ ಕುಡಿದಂತೆ ಕುಡಿದರು. ಆಗ ಮೆಂಬರ್ ಸಾಹೇಬರು ಮೈಕು ಹಿಡಿದು, “ಇದು ನೋಡ್ರಿ ದೊಡ್ಡ ಮನಸ್ಸು! ಮಾಸ್ತರಿಗೆ ಒಂದು ಚಪ್ಪಾಳಿ!” ಅಂದರು. ಇಡೀ ಸಾಲೆ ಚಪ್ಪಾಳೆ ಹೊಡೆಯಿತು. ಮಾಸ್ತರರು ನಾಚಿ ಕೈ ಮುಗಿದರು!

ದಾರಿಯುದ್ದಕ್ಕೂ ನಾನು ಕುದಿಯುತ್ತಿದ್ದೆ. “ಚಪ್ಪಾಳಿ ಅವ್ನಿಗಿ ಹೊಡದ್ರಲ್ಲ ಆಯಿ! ಅವ್ನಿಗಿ!”

“ಹೊಡೀಲಿ. ಕುಡದಾನಿಲ್ಲೋ?” ಖಾಲಿ ಗ್ಲಾಸು ನನ್ನ ಕೈಗಿಟ್ಟಳು. “ಬರೂ ವರ್ಷ ನೀ ಒದರೂದು ಬ್ಯಾಡ. ನಾನೇ ಮರದ ಬುಡಕ ನಿಂದ್ರತೇನಿ. ಹ್ಯಾಂಗ ತಿರುಗ್ತಾರ ನೋಡ್ತೇನಿ.”