ಜೋಡಿ ಎತ್ತಿನ ರಕ್ತ

ಹೆಬಳೆ ಊರಿನ ಆ ರೈತರ ಮನೆಗೆ ನಾನು ಮೊದಲು ಹೋದದ್ದು ಕೊಂಬಿನ ಕ್ಯಾನ್ಸರ್ ಬಂದ ಎತ್ತಿನ ರಕ್ತ ತೆಗೆಯಲು. ಆಗ ಪಶುವೈದ್ಯ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಜೀವಕೋಶದೊಳಗೆ ಆರ್‌ಎನ್‌ಎಯನ್ನು ಕತ್ತರಿಸಿ ಬಳಕೆಗೆ ಹದಮಾಡುವ ಕಿಣ್ವಗಳಿವೆ. ಕ್ಯಾನ್ಸರ್ ಬಂದ ಪ್ರಾಣಿಯ ದೇಹ ತನ್ನದೇ ಆ ಕಿಣ್ವಗಳನ್ನು ಹೊರಗಿನವೆಂದು ಬಗೆದು ಅವುಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಹೋಲಿಸಲು ಆರೋಗ್ಯವಂತ ಪ್ರಾಣಿಯ ರಕ್ತವೂ ಬೇಕು. ಅದೇ ಕೊಟ್ಟಿಗೆಯಲ್ಲಿ ಅದರ ಜೋಡಿಯ ಎತ್ತು ನಿಂತಿತ್ತು. ಒಂದೇ ಮೇವು, ಹೆಚ್ಚುಕಡಿಮೆ ಒಂದೇ ವಯಸ್ಸು. ಅದರದ್ದೂ ತೆಗೆದೆ.

"ನಮ್ಮ ರಕ್ತ ನೋಡೂಕೆ ಯಾರೂ ಬರಲಿಲ್ಲ, ಎತ್ತಿಂದು ನೋಡೂಕೆ ಬಂದ್ರು" ಎಂದು ಮನೆಯ ಯಜಮಾನರು ನಕ್ಕರು. ಅವರ ಹೆಂಡತಿ ಮಾತ್ರ, ಏನು ಕಂಡಿತೆಂದು ಬಂದು ಹೇಳಬೇಕೆಂದು ಕೇಳಿಕೊಂಡರು.

ನಾನು ಮತ್ತೆ ಹೋಗುವಷ್ಟರಲ್ಲಿ ಕಾಯಿಲೆಯ ಎತ್ತು ಸತ್ತಿತ್ತು. ಅದರ ರಕ್ತದಲ್ಲಿ ಪ್ರತಿಕಾಯ ಸಿಕ್ಕಿತ್ತು. ಜೋಡಿಯ ಎತ್ತಿನ ರಕ್ತದಲ್ಲೂ ಸಿಕ್ಕಿತ್ತು, ಸ್ವಲ್ಪ ಕಡಿಮೆ. ಬೇರೆ ಕಾರಣಕ್ಕೂ ಹೀಗೆ ಬರಬಹುದು, ಕಾಯಿಲೆಯ ಆರಂಭವೂ ಇರಬಹುದು ಎಂದಿದ್ದರು ನನ್ನ ಮಾರ್ಗದರ್ಶಕರು. ಯಾವುದೆಂದು ಹೇಳುವ ಪರೀಕ್ಷೆ ನಮ್ಮಲ್ಲಿರಲಿಲ್ಲ.

ಅದನ್ನೇ ಯಜಮಾನರ ಹೆಂಡತಿಗೆ ಹೇಳಿದೆ. ಆಕೆಗೆ ಬೇಕಾದದ್ದು ಬೇರೆ. ಉಳಿದದ್ದು ನೊಗದ ಬಲಗಡೆ ಪಳಗಿದ ಎತ್ತು. ಎಡಕ್ಕೆ ಕಟ್ಟಿದರೆ ಹೆಜ್ಜೆ ಇಡದು. ಎಡಕ್ಕೆ ಪಳಗಿದ, ಅದರ ಎತ್ತರಕ್ಕೆ ಹೊಂದುವ ಒಂದನ್ನು ಕುಮಟಾ ಕಡೆ ನೋಡಿಟ್ಟಿದ್ದರು. ಮಳೆ ಹತ್ತಿರವಿತ್ತು. ತಂದ ಮೇಲೆ ಇದೂ ಸತ್ತರೆ ಮತ್ತೆ ಒಂಟಿ ಎತ್ತೇ.

"ಇದು ಉಳೀತದಾ, ಇಲ್ವಾ? ಅಷ್ಟು ಹೇಳಿ ಡಾಕ್ಟ್ರೇ."

"ಹೇಳೂಕೆ ಬರೂದಿಲ್ಲ ಅಮ್ಮಾ."

"ಹಂಗಾರೆ ಇದರ ರಕ್ತ ಎಂತಕೆ ತಕಂಡ್ರಿ?"

ಕೋಪವಿರಲಿಲ್ಲ, ತಿಳಿಯಲೆಂದೇ ಕೇಳಿದ್ದು. ನಾನು ಸೂಜಿ ಚುಚ್ಚದಿದ್ದರೆ ಅವರು ನನ್ನ ಉತ್ತರಕ್ಕೆ ಕಾಯದೆ ಈ ವೇಳೆಗೆ ಜೋಡಿ ತಂದಿರುತ್ತಿದ್ದರು. ಹೋಲಿಸಿ ನೋಡೂಕೆ ಎಂದೆ.

ಆಕೆ ಎತ್ತಿನ ಕೊಂಬಿನ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ನನಗೂ ಒತ್ತಲು ಹೇಳಿದರು. ಒತ್ತಿದೆ. ಈ ಕಾಯಿಲೆಯಲ್ಲಿ ಇರುವಂತೆ ಬಿಸಿ ಇರಲಿಲ್ಲ, ಮೆತ್ತಗಿರಲಿಲ್ಲ, ಎತ್ತು ತಲೆ ಕೊಡವಲೂ ಇಲ್ಲ. ಆರಂಭದಲ್ಲಿ ಇವು ಕಾಣದೆಯೂ ಇರಬಹುದು, ಅಷ್ಟರಿಂದ ಧೈರ್ಯ ಹೇಳುವಂತಿರಲಿಲ್ಲ.

ಆಕೆ ಗಂಡನ ಕಡೆ ತಿರುಗಿದರು. "ಆತು. ಕುಮಟಾದವರಿಗೆ ಬ್ಯಾಡ ಹೇಳಿ ಕಳಸಿ. ಈ ಮಳೆಗೆ ಉಳೂಕೆ ಟಿಲ್ಲರ್ ಕರೀವ."

ಆಮೇಲೆ ಚೊಂಬು ತಂದು, ತೊಳೆದುಕೊಳ್ಳಲು ನನ್ನ ಕೈಗೆ ನೀರು ಹೊಯ್ದರು. ಬೇಡವೆನ್ನಲೂ ನಾಚಿಕೆಯಾಗಿ ಕೈ ಒಡ್ಡಿ ನಿಂತೆ.