ವತ್ಸಲಾ ಆರಿಸಿಕೊಂಡ ವರ್ಷ

ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ವತ್ಸಲಾ ಕಣ್ಣಿನ ಡಾಕ್ಟರಾಗಬೇಕೆಂದು ನಿರ್ಧರಿಸಿದ್ದಳು. ಗಂಡ ವಾಸುದೇವ ಸ್ಯಾನ್ ಡಿಯಾಗೋದಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ೧೯೭೧ರಲ್ಲಿ ಅವಳು ಅಲ್ಲಿಗೆ ಬಂದಾಗ, ಮೈಸೂರಿನ ಆಸ್ಪತ್ರೆಯಲ್ಲಿ ಒಂದು ವರ್ಷ ತರಬೇತಿಯಾಗಿ ಮಾಡಿ ಮುಗಿಸಿದ್ದ ಹೌಸ್‌ಮನ್‌ಶಿಪ್ಪನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಪರೀಕ್ಷೆ ಪಾಸು ಮಾಡಿ, ಮತ್ತೊಂದು ವರ್ಷ ಇಂಟರ್ನ್ ಆಗಿ ದುಡಿದ ಮೇಲೆಯೇ ಕಣ್ಣಿನ ವಿಭಾಗದ ರೆಸಿಡೆನ್ಸಿ, ಅಂದರೆ ತಜ್ಞೆಯಾಗುವ ತರಬೇತಿ, ಎಂದರು.

ಪರೀಕ್ಷೆ ಪಾಸಾಯಿತು. ಎರಡು ಆಸ್ಪತ್ರೆಗಳು ಅವಳನ್ನು ಕರೆದವು. ಒಂದು ಮನೆಗೆ ಹತ್ತಿರ, ಸ್ಯಾನ್ ಡಿಯಾಗೋದಲ್ಲೇ. ಅಲ್ಲಿಯದು ರೊಟೇಟಿಂಗ್ ವರ್ಷ. ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳ ವಾರ್ಡು, ಹೀಗೆ ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ದಿನ ಕೆಲಸ. ಇನ್ನೊಂದು ಲಾಸ್ ಏಂಜಲೀಸಿನ ದೊಡ್ಡ ಆಸ್ಪತ್ರೆ. ಅಲ್ಲಿ ಇಡೀ ವರ್ಷ ಬರೀ ಸರ್ಜರಿ, ದಿನ ಬಿಟ್ಟು ದಿನ ರಾತ್ರಿ ಡ್ಯೂಟಿ, ವಾಸ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ.

ಯಾವುದು ಸರಿ ಎಂದು ಕೇಳಲು ಗಂಡಹೆಂಡತಿ ಲಾಸ್ ಏಂಜಲೀಸಿನ ಪಕ್ಕದ ನಾರ್ತ್‌ರಿಜ್‌ಗೆ, ಡಾಕ್ಟರ್ ಬಾಳಾಸಾಹೇಬರ ಮನೆಗೆ ಹೋದರು. ಧಾರವಾಡದ ಕಡೆಯವರು, ಅರಿವಳಿಕೆ ಡಾಕ್ಟರು. ಈ ದೇಶದ ಆಸ್ಪತ್ರೆಗಳನ್ನು ಐದಾರು ವರ್ಷ ಕಂಡಿದ್ದವರು. ಅವರ ಹೆಂಡತಿ ಗುರುಶಾಂತವ್ವ ರೊಟ್ಟಿ ಬಡಿಸುತ್ತಿದ್ದಾಗ ಬಾಳಾಸಾಹೇಬರು ಹೇಳಿದರು: "ಸ್ಯಾನ್ ಡಿಯಾಗೋಕ್ಕ ಹೋಗವ್ವಾ. ಆ ಸರ್ಜರಿ ವರ್ಷ ಮನಷ್ಯಾನ್ನ ಹಿಂಡಿ ಬಿಡ್ತದ. ಕಣ್ಣಿನ ಸೀಟು ಎರಡರಿಂದಾನೂ ಸಿಗತದ, ಸ್ಯಾನ್ ಡಿಯಾಗೋದಿಂದಾದ್ರ ಒಂದ್ ವರ್ಷ ತಡಾ ಆಗಬಹುದು, ಅಷ್ಟ."

ತಡವಾಗಬಹುದು ಎಂಬ ಮಾತೊಂದೇ ವಾಸುದೇವನ ತಲೆಯಲ್ಲಿ ಉಳಿಯಿತು. ಮನೆಗೆ ದಕ್ಷಿಣಕ್ಕೆ ಡ್ರೈವ್ ಮಾಡುತ್ತಾ ದಾರಿಯುದ್ದಕ್ಕೂ ಅವನೇ ಮಾತಾಡಿದ. ಕಣ್ಣಿನ ವಿಭಾಗದವರು ಕೈ ಪಳಗಿದವರನ್ನೇ ಹುಡುಕುತ್ತಾರೆ, ವಿದೇಶದಿಂದ ಬಂದ ಹೆಂಗಸನ್ನು ಸುಮ್ಮನೆ ಯಾಕೆ ತೆಗೆದುಕೊಳ್ಳುತ್ತಾರೆ, ಒಂದು ವರ್ಷ ಬೇರೆ ಬೇರೆ ಇದ್ದರೆ ಏನೂ ಮುಳುಗಿಹೋಗುವುದಿಲ್ಲ ಎಂದ. ವತ್ಸಲಾ ಕಿಟಕಿಯಾಚೆ ಸಮುದ್ರ ನೋಡುತ್ತಾ ಕೂತಿದ್ದಳು. ಮರುದಿನ ಲಾಸ್ ಏಂಜಲೀಸಿಗೆ ಒಪ್ಪಿಗೆ ಕಳಿಸಿದಳು.

ಕೆಲಸ ಬಾಳಾಸಾಹೇಬರು ಹೇಳಿದ್ದಕ್ಕಿಂತ ಕಠಿಣವಾಗಿತ್ತು. ಆಪರೇಷನ್ ಮುಗಿಯುವವರೆಗೂ ಗಾಯ ಅಗಲಿಸಿ ಹಿಡಿದು ನಿಲ್ಲಬೇಕು. ಅದು ಮುಗಿದರೆ ಎಮರ್ಜೆನ್ಸಿಯಲ್ಲಿ ಹೊಲಿಗೆ. ಭಾನುವಾರ ವಾಸುದೇವ ಬಿಸಿಬೇಳೆಬಾತು ಕಟ್ಟಿಕೊಂಡು ಬಂದರೆ ಅವಳು ತಿನ್ನುತ್ತಾ ತಿನ್ನುತ್ತಾ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಆದರೆ ಕೈ ಪಳಗಿತು. ಅವಳ ಹೊಲಿಗೆಯನ್ನು ಸೀನಿಯರ್‌ಗಳು ಬೇರೆ ಇಂಟರ್ನ್‌ಗಳಿಗೆ ತೋರಿಸುತ್ತಿದ್ದರು. ಚಳಿಗಾಲದಲ್ಲಿ ಆ ಊರಿನದೇ ಒಂದು ಕಣ್ಣಿನ ವಿಭಾಗ ಅವಳಿಗೆ ಸೀಟು ಕೊಡುವುದಾಗಿ ಹೇಳಿತು.

ಅದಾದ ಕೆಲವೇ ದಿನಕ್ಕೆ, ಕುಡಿದು ಬಿದ್ದು ಹಣೆ ಒಡೆದುಕೊಂಡಿದ್ದ ಒಬ್ಬನಿಗೆ ಹೊಲಿಗೆ ಹಾಕುವಾಗ ಅವನು ಥಟ್ಟನೆ ತಲೆ ಕೊಡವಿದ. ಸೂಜಿ ಗ್ಲೌಸು ತೂರಿ ಅವಳ ಬೆರಳಿಗೆ ಹೊಕ್ಕಿತು. ಆಗಾಗ ಎಲ್ಲರಿಗೂ ಆಗುತ್ತಿದ್ದದ್ದೇ. ಕೈ ತೊಳೆದು, ಬೇರೆ ಗ್ಲೌಸು ಹಾಕಿಕೊಂಡು ಹೊಲಿಗೆ ಮುಗಿಸಿದಳು.

ವಸಂತದ ಹೊತ್ತಿಗೆ ಊಟದ ವಾಸನೆಗೇ ವಾಂತಿ ಬರತೊಡಗಿತು. ಒಂದು ಬೆಳಿಗ್ಗೆ ಕನ್ನಡಿಯಲ್ಲಿ ತನ್ನ ಕಣ್ಣಿನ ಬಿಳಿಭಾಗ ಹಳದಿಯಾಗಿರುವುದನ್ನು ತಾನೇ ಕಂಡಳು. ಸೂಜಿಯಿಂದ ಬಂದ ಕಾಮಾಲೆ. ವಾರಗಟ್ಟಲೆ ಒಂಟಿ ಕೋಣೆಯಲ್ಲಿಟ್ಟರು. ಹಳದಿ ಇಳಿಯಿತು, ಆದರೆ ರಕ್ತದಿಂದ ಸೋಂಕು ಹೋಗಲಿಲ್ಲ. ಪ್ರತಿ ಪರೀಕ್ಷೆಯಲ್ಲೂ ಇದೆ ಎಂದೇ ಬಂತು. ಅವಳ ಕೈಯಿಂದ ರೋಗಿಯ ಕಣ್ಣಿಗೆ ಸೋಂಕು ತಗುಲಿದರೆ ಹೊಣೆ ಯಾರು ಎಂದು ಕೇಳಿ ಕಣ್ಣಿನ ವಿಭಾಗ ಸೀಟನ್ನು ಹಿಂತೆಗೆದುಕೊಂಡಿತು.

ಸ್ಯಾನ್ ಡಿಯಾಗೋಗೆ ಹಿಂದಿರುಗಿ ಅವಳು ರಕ್ತ, ಅಂಗಾಂಶಗಳನ್ನು ಪರೀಕ್ಷಿಸುವ ಪೆಥಾಲಜಿ ವಿಭಾಗ ಸೇರಿದಳು. ಅಲ್ಲಿ ಯಾವ ರೋಗಿಯ ಮೈಯನ್ನೂ ಮುಟ್ಟಬೇಕಾಗಿರಲಿಲ್ಲ. ಊರ ಹೊರವಲಯದ ಪೊವೇಯಲ್ಲಿ ಮನೆ ಕೊಂಡರು. ತಾಯಿಯಿಂದ ಮಗುವಿಗೂ ಇದು ಹೋಗುತ್ತದೆಂದು ಓದಿದ ಮೇಲೆ ಮಕ್ಕಳು ಬೇಡ ಎಂದವಳೂ ಅವಳೇ. ವಾಸುದೇವ ಎದುರಾಡಲಿಲ್ಲ. ಅವನ ತಾಯಿ ಮೈಸೂರಿನಿಂದ ಬರೆಯುತ್ತಿದ್ದ ಪ್ರಶ್ನೆಗಳಿಗೆ ಅವನೇ ಏನೇನೋ ಉತ್ತರ ಬರೆದು ಸುಧಾರಿಸುತ್ತಿದ್ದ.

೧೯೮೨ರಲ್ಲಿ ಅವಳ ಹೊಟ್ಟೆ ಊದಿಕೊಳ್ಳತೊಡಗಿತು. ಹತ್ತು ವರ್ಷದಿಂದ ಕಾಮಾಲೆಯ ಸೋಂಕು ಕೊರೆಯುತ್ತಿದ್ದ ಪಿತ್ತಜನಕಾಂಗದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ತನ್ನ ವಿಭಾಗಕ್ಕೇ ಬಂದ ಆ ಚೂರಿನ ಸ್ಲೈಡನ್ನು, ಸಹೋದ್ಯೋಗಿಗಳು ಬೇಡವೆಂದರೂ, ಅವಳೇ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದಳು. ಸಂಜೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಗಂಡನಿಗೆ ಕ್ಯಾನ್ಸರ್ ಎಂದು ಹೇಳಿದಳು.

ವಾಸುದೇವ ಚಾಕು ಕೆಳಗಿಟ್ಟ. ಹತ್ತು ವರ್ಷ ಆಡದೆ ಉಳಿಸಿಕೊಂಡಿದ್ದ ಮಾತು ಆಗ ಹೊರಬಂತು.

"ನಾನು ಅವತ್ತು ಕಾರಲ್ಲಿ ಸುಮ್ನಿದ್ದಿದ್ರೆ ನೀನು ಇಲ್ಲೇ ಇರ್ತಿದ್ದೆ. ನಿನ್ನ ಅಲ್ಲಿಗೆ ಕಳಿಸಿದ್ದು ನಾನು, ವತ್ಸಲಾ."

"ಇಲ್ಲೂ ಸೂಜಿ ಇರ್ತಿತ್ತು," ಎಂದಳು. "ಅಲ್ಲದೆ ನೀವೇನೂ ಕಳಿಸ್ಲಿಲ್ಲ. ನೀವು ಮಾತಾಡಿದ್ರಿ, ನಾನು ಆರಿಸ್ಕೊಂಡೆ. ನನಗೆ ಸರ್ಜರಿ ಇಷ್ಟ ಆಗಿತ್ತು ರೀ. ಆ ವರ್ಷ ಒಂದೇ ನಾನು ಬೇಕು ಅಂದಿದ್ದು ಮಾಡಿದ್ದು. ಅದನ್ನಾದ್ರೂ ನನಗೇ ಬಿಡಿ."

ಅವನು ಮತ್ತೆ ಆ ಮಾತು ಎತ್ತಲಿಲ್ಲ. ಅವಳ ಮಾತನ್ನು ಒಪ್ಪಿಕೊಳ್ಳಲೂ ಇಲ್ಲ.

ಮರುವರ್ಷ, ಮಳೆ ಸುರಿಯುತ್ತಿದ್ದ ಒಂದು ಫೆಬ್ರವರಿ ಮಧ್ಯಾಹ್ನ, ಪೊವೇಯ ಮನೆಯಲ್ಲೇ, ನಲವತ್ತು ತುಂಬುವ ಮೊದಲೇ ಅವಳು ತೀರಿಕೊಂಡಳು. ಬಾಳಾಸಾಹೇಬರೂ ಗುರುಶಾಂತವ್ವನೂ ನಾರ್ತ್‌ರಿಜ್‌ನಿಂದ ಬಂದು ವಾರವಿಡೀ ಜೊತೆಗಿದ್ದರು. ತಾವು ಅಂದು ಕೊಟ್ಟ ಸಲಹೆಯ ವಿಷಯವನ್ನು ಬಾಳಾಸಾಹೇಬರು ಒಮ್ಮೆಯೂ ಬಾಯಿಗೆ ತರಲಿಲ್ಲ.

ಕೆಲವು ವರ್ಷಗಳ ನಂತರ ಬಾಳಾಸಾಹೇಬರ ಮಗಳೂ ಮೆಡಿಕಲ್ ಮುಗಿಸಿದಳು. ಮೊದಲ ವರ್ಷಕ್ಕೆ ಎಲ್ಲಿ ಅಪ್ಲೈ ಮಾಡಲಿ, ಲಾಸ್ ಏಂಜಲೀಸೋ ಸ್ಯಾನ್ ಡಿಯಾಗೋನೋ ಎಂದು ವಾಸುದೇವ ಅಂಕಲ್‌ಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಕೇಳಿದಳು. ಅಪ್ಪನನ್ನು ಕೇಳಮ್ಮ ಎಂದಷ್ಟೇ ಹೇಳಿ ವಾಸುದೇವ ಫೋನ್ ಇಟ್ಟ.